ಮನೋಬಲವೂ ಒಂದು ಪ್ರಾಣ

ಜೈನ ಗೃಹಸ್ಥನು ನೀರನ್ನು ಸೋಸಿ ಕುಡಿಯುತ್ತಾನೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾನೆ, ಕಂದಮೂಲಗಳನ್ನು ವರ್ಜಿಸುತ್ತಾನೆ. ಕಣ್ಣಿಗೆ ಕಾಣದ ಏಕೇಂದ್ರಿಯ ಜೀವಿಗಳ ವಿಷಯದಲ್ಲಿಯೂ ಇಷ್ಟು ಎಚ್ಚರ ವಹಿಸುವ ಈ ಗೃಹಸ್ಥನು, ತನ್ನ ಮನೆಯಲ್ಲಿಯೇ ಹುಟ್ಟಿ ಬೆಳೆದ ಸಂಜ್ಞಿ ಪಂಚೇಂದ್ರಿಯ ಜೀವವೊಂದು ‘ನನ್ನ ಒಲವು ಎಲ್ಲರ ಹಾಗಿಲ್ಲ’ ಎಂದು ಬಾಯಿಬಿಟ್ಟು ಹೇಳಿದ ದಿನ ಮಾಡುವುದೇನು? ಬಹುಮಟ್ಟಿಗೆ ಮೂರರಲ್ಲಿ ಒಂದು. ಆ ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ಜಾತಕವನ್ನು ಹೊರತೆಗೆಯುತ್ತಾನೆ. ಇಲ್ಲವೇ ಮಗುವನ್ನು ‘ಸರಿಪಡಿಸುವ’ ವೈದ್ಯನನ್ನೋ ಮಂತ್ರವಾದಿಯನ್ನೋ ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಎರಡೂ ಕೈಗೂಡದಿದ್ದರೆ ಮಗುವನ್ನು ದೂರದ ಊರಿಗೆ ಕಳುಹಿಸಿ, ಕೇಳಿದವರಿಗೆ ‘ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ’ ಎಂದು ಹೇಳಿ ಸುಮ್ಮನಾಗುತ್ತಾನೆ. ಈ ಮೂರೂ ಹಿಂಸೆಯೇ. ನಾಲ್ಕನೆಯ ದಾರಿಯೊಂದಿದೆ: ಆ ಮಗುವಿನ ಮಾತನ್ನು ರೋಗವೆಂದು ಎಣಿಸದೆ, ಅಪರಾಧವೆಂದು ಬೆದರಿಸದೆ ಕೇಳಬಲ್ಲ ಅರ್ಹ ಆಪ್ತಸಮಾಲೋಚಕರನ್ನು ಹುಡುಕಿ ಕೊಡುವುದು. ಇದು ಆಧುನಿಕರ ಸ್ವೇಚ್ಛೆಗೆ ಶರಣಾಗುವ ದಾರಿಯೆಂದು ಸಮಾಜದ ಹಿರಿಯರಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಶ್ರಾವಕಾಚಾರವನ್ನು ಗಂಭೀರವಾಗಿ ಪಾಲಿಸುವವನಿಗೆ ಉಳಿಯುವ ದಾರಿ ಅದೊಂದೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಎರಡು ಅಂಶಗಳನ್ನು ಕೂಡಿಸುತ್ತದೆ: ಮಾಡುವವನಲ್ಲಿ ಪ್ರಮಾದ, ಮಾಡಿಸಿಕೊಂಡವನಲ್ಲಿ ಪ್ರಾಣಘಾತ. ಪ್ರಾಣವೆಂದರೆ ಉಸಿರು ಮಾತ್ರವಲ್ಲವೆಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದಿದೆ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯು ಮತ್ತು ಶ್ವಾಸೋಚ್ಛ್ವಾಸ. ಹೀಗಿರುವಲ್ಲಿ ಒಬ್ಬ ಯುವಕನ ಮನೋಬಲವನ್ನು ವರ್ಷಗಟ್ಟಲೆ ಮುರಿಯುತ್ತ ಬಂದು, ವಚನಬಲವನ್ನು ‘ಈ ಮಾತು ಇನ್ನೊಮ್ಮೆ ಎತ್ತಬೇಡ’ ಎಂಬ ಆಜ್ಞೆಯಿಂದ ಕಟ್ಟಿಹಾಕಿ, ‘ಕೈ ಎತ್ತಿ ಹೊಡೆದಿಲ್ಲವಲ್ಲ, ಹಿಂಸೆ ಎಲ್ಲಿಯದು’ ಎಂದು ಕೇಳುವ ತಂದೆಯು ಹತ್ತು ಪ್ರಾಣಗಳ ಪಾಠವನ್ನು ಮರೆತಿದ್ದಾನೆ.

ಇನ್ನು ಒಲವಿನ ವಿಷಯ. ‘ಇಂಥದ್ದು ಜೈನಧರ್ಮದಲ್ಲಿಲ್ಲ, ಪಶ್ಚಿಮದಿಂದ ಬಂದದ್ದು’ ಎಂಬ ಮಾತು ಬಸದಿಯ ಜಗಲಿಯ ಮೇಲೆ ಆಗಾಗ ಕೇಳಿಬರುತ್ತದೆ. ಈ ಮಾತನ್ನಾಡುವವರು ಗೊಮ್ಮಟಸಾರವನ್ನು ತೆರೆದು ನೋಡಿಲ್ಲ. ಚಾವುಂಡರಾಯನ ಗುರುಗಳೆಂದು ಕನ್ನಡ ಜೈನರು ಪೂಜಿಸುವ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಆ ಗ್ರಂಥದ ಜೀವಕಾಂಡದಲ್ಲಿ ವೇದಮಾರ್ಗಣೆ ಎಂಬ ಪ್ರಕರಣವನ್ನೇ ಇಟ್ಟಿದ್ದಾರೆ. ಇಲ್ಲಿ ವೇದವೆಂದರೆ ಋಗ್ವೇದ, ಯಜುರ್ವೇದಗಳಲ್ಲ, ಕಾಮಭಾವ. ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂದು ಅದು ಮೂರು ಬಗೆ. ಶರೀರದ ಲಿಂಗವು ನಾಮಕರ್ಮದ ಉದಯದಿಂದ ಆಗುತ್ತದೆ, ಅದು ದ್ರವ್ಯವೇದ. ಒಳಗಿನ ಒಲವು ಮೋಹನೀಯ ಕರ್ಮದ ಉದಯದಿಂದ ಆಗುತ್ತದೆ, ಅದು ಭಾವವೇದ. ಕಾರಣಗಳೇ ಬೇರೆಯಾದ್ದರಿಂದ ಇವೆರಡೂ ಹೆಚ್ಚಿನವರಲ್ಲಿ ಹೊಂದಿಕೊಂಡಿದ್ದರೂ ಕೆಲವರಲ್ಲಿ ಹೊಂದುವುದಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಸಾವಿರ ವರ್ಷಗಳ ಹಿಂದೆ, ವಿಂಧ್ಯಗಿರಿಯಲ್ಲಿ ಬಾಹುಬಲಿಯ ಮೂರ್ತಿ ಎದ್ದ ಕಾಲದಲ್ಲಿ, ಬರೆದಿಟ್ಟ ಮಾತಿದು. ಪಶ್ಚಿಮದ ವೈದ್ಯರು ಶರೀರ ಬೇರೆ, ಒಲವು ಬೇರೆ ಎಂದು ವಿಂಗಡಿಸಲು ತೊಡಗಿದ್ದು ಎಷ್ಟೋ ಶತಮಾನಗಳ ಅನಂತರ.

ಈ ವಿಷಯವನ್ನು ಜಗತ್ತಿನ ವಿದ್ವಾಂಸರ ಮುಂದಿಟ್ಟವರೂ ಕನ್ನಡನಾಡಿನವರೇ. ಕಾರ್ಕಳದ ಹತ್ತಿರದ ನೆಲ್ಲಿಕಾರಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು ೧೯೯೧ರಲ್ಲಿ ಪ್ರಕಟಿಸಿದ ‘ಜೆಂಡರ್ ಅಂಡ್ ಸಾಲ್ವೇಶನ್’ ಗ್ರಂಥದಲ್ಲಿ ಸ್ತ್ರೀಮುಕ್ತಿಯ ವಾದವನ್ನು ಮೂಲಗಳಿಂದ ಅನುವಾದಿಸಿ ಕೊಟ್ಟಿದ್ದಾರೆ. ಆ ವಾದದಲ್ಲಿ ದಿಗಂಬರ ಪಕ್ಷ ನಿಂತಿರುವ ನೆಲೆಯನ್ನು ದಿಗಂಬರರೇ ಮರೆತಂತಿದೆ. ಸಿದ್ಧಿ ಯಾವ ಲಿಂಗದಿಂದ ಎಂಬ ಪ್ರಶ್ನೆಗೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯು ದ್ರವ್ಯದಿಂದ ಪುರುಷಶರೀರವೇ ಬೇಕೆನ್ನುತ್ತದೆ. ಆದರೆ ಭಾವದಿಂದ ಮೂರು ವೇದಗಳಲ್ಲಿ ಯಾವುದರಿಂದ ಹೊರಟವನಿಗೂ ಸಿದ್ಧಿಯುಂಟೆಂದು ಒಪ್ಪುತ್ತದೆ. ಅಂದರೆ ಪುರುಷಶರೀರದಲ್ಲಿದ್ದು ಸ್ತ್ರೀವೇದದ ಉದಯವುಳ್ಳವನು ಮುನಿಯಾಗಿ, ಶ್ರೇಣಿಯೇರಿ, ಒಂಬತ್ತನೆಯ ಗುಣಸ್ಥಾನದಲ್ಲಿ ಆ ವೇದವನ್ನು ಕಳೆದುಕೊಂಡು ಮುಕ್ತನಾಗಬಲ್ಲನು. ಶ್ವೇತಾಂಬರ ಆಮ್ನಾಯವಂತೂ ಹದಿನೈದು ಬಗೆಯ ಸಿದ್ಧರನ್ನು ಎಣಿಸುವಾಗ ಸ್ತ್ರೀಲಿಂಗ ಸಿದ್ಧರನ್ನೂ ನಪುಂಸಕಲಿಂಗ ಸಿದ್ಧರನ್ನೂ ಹೆಸರಿಸುತ್ತದೆ. ಸಿದ್ಧಶಿಲೆಗೆ ಅಡ್ಡಿಯಾಗದ ಭಾವವು ಮನೆಯ ಊಟದ ಪಂಕ್ತಿಗೆ ಅಡ್ಡಿಯಾಗುವುದು ಹೇಗೆ?

ಈ ಗ್ರಂಥಗಳು ಸಲಿಂಗ ಒಲವನ್ನು ಹೊಗಳುತ್ತವೆಂದು ಯಾರೂ ತಿಳಿಯಬೇಕಾಗಿಲ್ಲ. ಅವು ಯಾವ ಒಲವನ್ನೂ ಹೊಗಳುವುದಿಲ್ಲ. ಪುರುಷವೇದ ಹುಲ್ಲಿನ ಬೆಂಕಿಯಂತೆ, ಸ್ತ್ರೀವೇದ ಬೆರಣಿಯ ಬೆಂಕಿಯಂತೆ, ನಪುಂಸಕವೇದ ಇಟ್ಟಿಗೆ ಸುಡುವ ಆವಿಗೆಯ ಬೆಂಕಿಯಂತೆ ಎಂಬ ಹೋಲಿಕೆ ಪ್ರಸಿದ್ಧವಾಗಿದೆ. ಮೂರೂ ಬೆಂಕಿಯೇ. ಮದುವೆಯ ಚಪ್ಪರದಲ್ಲಿ ಕುಳಿತವನ ಬೆಂಕಿ ಶೀತಲವೆಂದು ಎಲ್ಲಿಯೂ ಹೇಳಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಮೂರು ವೇದಗಳು ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ಉಳಿದ ಆರು ಯಾವುವು? ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ. ಮಗನ ಮಾತು ಕೇಳಿ ತಂದೆಯ ಮುಖ ಸಿಂಡರಿಸಿಕೊಳ್ಳುವುದು ಜುಗುಪ್ಸೆ. ‘ನೆಂಟರಿಷ್ಟರ ಮುಂದೆ ತಲೆ ಎತ್ತುವುದು ಹೇಗೆ’ ಎಂಬ ತಳಮಳ ಭಯ. ನೆರೆಯವರು ಬಾಯಿಮುಚ್ಚಿ ನಗುವುದು ಹಾಸ್ಯ. ಮಗನ ಒಲವು ಕರ್ಮೋದಯವಾದರೆ ತಂದೆಯ ಹೇಸಿಗೆಯೂ ಅದೇ ಪಟ್ಟಿಯ, ಅದೇ ಚಾರಿತ್ರಮೋಹನೀಯದ ಉದಯ. ಒಬ್ಬನ ನೋಕಷಾಯಕ್ಕೆ ಮಾತ್ರ ಚಿಕಿತ್ಸೆ ಬೇಕು, ಇನ್ನೊಬ್ಬನದು ಕುಲಗೌರವ ಎಂಬ ಲೆಕ್ಕ ಯಾವ ಖಾತೆಯಲ್ಲಿಯೂ ತಾಳೆಯಾಗುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು, ಎಂದರೆ ಹೇಸದಿರುವಿಕೆಯನ್ನು, ಸಮಂತಭದ್ರರು ರತ್ನಕರಂಡಕದಲ್ಲಿ ಎಣಿಸಿರುವುದು ಯಾರಿಗಾಗಿ?

ಆಕ್ಷೇಪಿಸುವವರ ಕೈಯಲ್ಲಿರುವ ಬಲವಾದ ಅಸ್ತ್ರ ಅನಂಗಕ್ರೀಡೆ. ಬ್ರಹ್ಮಚರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅದು ಇದೆ, ನಿಜ. ಆದರೆ ಅತಿಚಾರವೆಂಬುದು ವ್ರತ ಹಿಡಿದವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಅಳತೆ. ವ್ರತವಿಲ್ಲದ ಇನ್ನೊಬ್ಬನನ್ನು ಹೊಡೆಯುವ ಕೋಲಲ್ಲ. ಗಂಡಹೆಂಡಿರಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಮತ್ತು ಅದೇ ಪಟ್ಟಿಯ ಮೊದಲನೆಯ ಅತಿಚಾರ ಪರವಿವಾಹಕರಣ, ಎಂದರೆ ಇತರರ ಮಕ್ಕಳ ಮದುವೆಗಳನ್ನು ಕುದುರಿಸುವುದು! ವರ್ಷಕ್ಕೊಮ್ಮೆ ವಧೂವರರ ಸಮಾವೇಶ ನಡೆಸಿ, ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವ ಸಂಘಗಳ ಪದಾಧಿಕಾರಿಗಳನ್ನು ಯಾರೂ ಮನೋವೈದ್ಯರ ಬಳಿಗೆ ಎಳೆದೊಯ್ಯುವುದಿಲ್ಲ. ಎಳೆದೊಯ್ಯಬೇಕಾಗಿಯೂ ಇಲ್ಲ. ಪಟ್ಟಿಯ ಒಂದು ಸಾಲನ್ನು ಮರೆತು ಇನ್ನೊಂದನ್ನು ಮಾತ್ರ ಕಂಠಪಾಠ ಮಾಡುವುದು ಶಾಸ್ತ್ರನಿಷ್ಠೆಯಲ್ಲವೆಂದಷ್ಟೇ ಇಲ್ಲಿ ಹೇಳಬೇಕಾದದ್ದು.

ಆಗಮದ ಮಾತು ಇಷ್ಟಾಯಿತು. ವೈದ್ಯಶಾಸ್ತ್ರವೂ ಕಾನೂನೂ ಎಲ್ಲಿ ನಿಂತಿವೆಯೆಂಬುದನ್ನು ಪಾಲಕರು ವರ್ಷಗಳ ಸಮೇತ ತಿಳಿದಿರುವುದು ಒಳ್ಳೆಯದು, ಏಕೆಂದರೆ ‘ಗುಣಪಡಿಸುತ್ತೇವೆ’ ಎನ್ನುವವರ ವ್ಯಾಪಾರ ನಡೆಯುವುದೇ ಈ ಅಜ್ಞಾನದ ಮೇಲೆ. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ೧೯೭೩ರಲ್ಲಿ ತೆಗೆಯಿತು. ವಿಶ್ವ ಆರೋಗ್ಯ ಸಭೆ ೧೯೯೦ರ ಮೇ ೧೭ರಂದು ಅಂಗೀಕರಿಸಿದ ಪಟ್ಟಿಯಲ್ಲಿಯೂ ಅದು ರೋಗವಾಗಿ ಉಳಿಯಲಿಲ್ಲ. ಭಾರತದಲ್ಲಿ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮಿನ ನೆರಳು ಬಹುಕಾಲ ಉಳಿಯಿತು. ದೆಹಲಿ ಉಚ್ಚ ನ್ಯಾಯಾಲಯ ೨೦೦೯ರಲ್ಲಿ ಕೊಟ್ಟ ಬಿಡುಗಡೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೩ರಲ್ಲಿ ಹಿಂತೆಗೆದುಕೊಂಡಿತು. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದ ೨೦೧೮ನೆಯ ವರ್ಷದಲ್ಲಿಯೇ, ಸೆಪ್ಟೆಂಬರ್ ೬ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಭಾರತೀಯ ಮನೋವೈದ್ಯಕೀಯ ಸಂಘವೂ ೨೦೧೮ರಲ್ಲಿ ಇದು ಮನೋರೋಗವಲ್ಲವೆಂದು ಬಹಿರಂಗವಾಗಿ ಹೇಳಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಕೂಡದೆನ್ನುತ್ತದೆ. ಅಷ್ಟೇ ಅಲ್ಲದೆ, ಸಮುದಾಯದ ನೈತಿಕ, ಧಾರ್ಮಿಕ ಮೌಲ್ಯಗಳಿಗೆ ಹೊಂದುವುದಿಲ್ಲವೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸಬಾರದೆನ್ನುತ್ತದೆ. ಈ ಕೊನೆಯ ಮಾತನ್ನು ಸಮಾಜದ ಮುಖಂಡರು ಎರಡು ಸಲ ಓದಬೇಕು.

ಮದ್ರಾಸ್ ಉಚ್ಚ ನ್ಯಾಯಾಲಯದ ಪ್ರಕರಣವೊಂದು ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಪರಸ್ಪರ ಒಲಿದ ಇಬ್ಬರು ಯುವತಿಯರು ಮನೆಯವರ ಭಯದಿಂದ ಮಧುರೈಯಿಂದ ಚೆನ್ನೈಗೆ ಬಂದು ರಕ್ಷಣೆ ಬೇಡಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ತಮಗೆ ಈ ವಿಷಯ ತಿಳಿಯದೆಂದು ಮುಚ್ಚುಮರೆಯಿಲ್ಲದೆ ದಾಖಲಿಸಿ, ತೀರ್ಪಿಗೆ ಮುಂಚೆ ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಕುಳಿತು ಸಮಾಲೋಚನೆ ಪಡೆದರು. ಅನಂತರ ೨೦೨೧ರ ಜೂನ್ ೭ರಂದು ನೀಡಿದ ಆದೇಶದಲ್ಲಿ, ವೈದ್ಯಕೀಯದ ಹೆಸರಿನಲ್ಲಿ ಒಲವನ್ನು ಬದಲಿಸುವ ಯತ್ನಗಳನ್ನು ನಿಷೇಧಿಸಿದರು. ಅದರ ಬೆನ್ನಿಗೆ ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂತಹ ‘ಪರಿವರ್ತನಾ ಚಿಕಿತ್ಸೆ’ ವೃತ್ತಿಯ ದುರಾಚಾರವೆಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ೨೦೨೪ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮಾಲೋಚನೆಯ ನೆಪದಲ್ಲಿ ಒಲವನ್ನು ಬದಲಿಸಲು ನ್ಯಾಯಾಲಯಗಳೂ ಯತ್ನಿಸಬಾರದೆಂದು ಮಾರ್ಗಸೂಚಿ ಕೊಟ್ಟಿತು. ಉಚ್ಚ ನ್ಯಾಯಾಲಯದ ಪೀಠದಲ್ಲಿ ಕುಳಿತವರು ವಿದ್ಯಾರ್ಥಿಯಾಗಿ ಕೂರಬಹುದಾದರೆ, ಬಸದಿಯ ಆಡಳಿತ ಮಂಡಳಿಯ ಸದಸ್ಯರಿಗೆ ಅದರಿಂದ ಮರ್ಯಾದೆ ಹೋಗುವುದೇಕೆ?

ಗುಣಪಡಿಸುವವರ ಅಂಗಡಿಗಳು ಮುಚ್ಚಿಲ್ಲ, ಫಲಕ ಬದಲಿಸಿವೆ. ಹಿಂದೆ ವಿದ್ಯುತ್ತಿನ ಆಘಾತ ಕೊಟ್ಟು, ವಾಂತಿ ಬರಿಸುವ ಔಷಧ ಕುಡಿಸಿ ಒಲವಿನ ಮೇಲೆ ಅಸಹ್ಯ ಹುಟ್ಟಿಸುವ ಪ್ರಯೋಗಗಳು ನಡೆಯುತ್ತಿದ್ದವು. ಈಗ ಅದೇ ಕೆಲಸಕ್ಕೆ ‘ಮನಃಪರಿವರ್ತನೆ’, ‘ವ್ಯಕ್ತಿತ್ವ ವಿಕಸನ’, ‘ಸಂಸ್ಕಾರ ಶಿಬಿರ’ ಎಂಬ ಸೌಮ್ಯವಾದ ಹೆಸರುಗಳು ಬಂದಿವೆ. ಸತ್ಯಾಣುವ್ರತದ ಮೊದಲನೆಯ ಅತಿಚಾರವೇ ಮಿಥ್ಯೋಪದೇಶ. ಆಗದ ಕೆಲಸವನ್ನು ಆಗುತ್ತದೆಂದು ನಂಬಿಸಿ ಹಣ ಪಡೆಯುವವನು ಮಿಥ್ಯೋಪದೇಶದ ಜೊತೆಗೆ ಕಳ್ಳವ್ಯಾಪಾರವನ್ನೂ ಮಾಡುತ್ತಾನೆ. ಅವನಿಗೆ ಮಗನನ್ನು ಒಪ್ಪಿಸಿ ಬರುವ ತಂದೆ, ತಾನು ಔಷಧಕ್ಕೆ ಖರ್ಚು ಮಾಡಿದೆನೆಂದು ತಿಳಿದಿರುತ್ತಾನೆ. ತಾಯತ, ಯಂತ್ರಗಳ ಮೊರೆಹೋಗುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆಗಳ ಪಾಠ ಅವರಿಗಾಗಿಯೇ ಇದೆ.

ಮದುವೆಯೆಂಬ ಔಷಧ ಇದಕ್ಕಿಂತ ಘೋರವಾದದ್ದು. ‘ಒಂದು ಹುಡುಗಿ ಮನೆಗೆ ಬಂದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತಿನಲ್ಲಿ ಆ ‘ಒಂದು ಹುಡುಗಿ’ ಯಾರ ಮಗಳೆಂಬ ಪ್ರಶ್ನೆಯೇ ಏಳುವುದಿಲ್ಲ. ಸರಕಿನ ದೋಷವನ್ನು ಮುಚ್ಚಿಟ್ಟು ಮಾರುವ ವರ್ತಕನನ್ನು ಸಮಾಜ ಕಳ್ಳನೆನ್ನುತ್ತದೆ. ಮಗನ ಒಲವನ್ನು ತಿಳಿದೂ ತಿಳಿದೂ ಬಚ್ಚಿಟ್ಟು ಇನ್ನೊಂದು ಮನೆಯ ಹೆಣ್ಣನ್ನು ತಂದುಕೊಳ್ಳುವವನನ್ನು ‘ಕರ್ತವ್ಯ ಮುಗಿಸಿದ’ ಎಂದು ಹೊಗಳುತ್ತದೆ. ಇಲ್ಲಿ ಒಲವು ದೋಷವೆಂದಲ್ಲ, ಬಚ್ಚಿಟ್ಟದ್ದು ದೋಷ. ಆ ಹೆಣ್ಣು ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ವರ್ಷಗಟ್ಟಲೆ ಕೊರಗುತ್ತಾಳೆ, ವ್ರತ ಮಾಡುತ್ತಾಳೆ, ವೈದ್ಯರಿಗೆ ತೋರಿಸಿಕೊಳ್ಳುತ್ತಾಳೆ, ಕಡೆಗೆ ಮಕ್ಕಳಾಗಲಿಲ್ಲವೆಂಬ ನಿಂದೆಯನ್ನೂ ಹೊರುತ್ತಾಳೆ. ಅತಿಭಾರಾರೋಪಣ, ಹೊರಲಾರದ ಹೊರೆ ಹೇರುವುದು, ಅಹಿಂಸಾಣುವ್ರತದ ಅತಿಚಾರಗಳಲ್ಲೊಂದು. ಅದು ಎತ್ತಿಗೆ ಮಾತ್ರ ಅನ್ವಯಿಸುವುದೆಂದು ಯಾರು ಹೇಳಿದರು? ಒಲವು ಗಂಡಿನ ಕಡೆಗಿಲ್ಲದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ, ಏಕೆಂದರೆ ‘ಒಲ್ಲೆ’ ಎಂಬ ಅವರ ಮಾತಿಗೆ ಬೆಲೆಯೇ ಇರುವುದಿಲ್ಲ.

ಇಂತಹ ಮದುವೆ ಈಗಾಗಲೇ ಆಗಿಹೋಗಿರುವ ಮನೆಗಳಲ್ಲಿ ಗಂಡಹೆಂಡಿರಿಬ್ಬರಿಗೂ ಒಟ್ಟಾಗಿ ಸಮಾಲೋಚನೆ ಬೇಕಾಗುತ್ತದೆ. ಅಲ್ಲಿ ಸಮಾಲೋಚಕರ ಕೆಲಸ ಸಂಸಾರವನ್ನು ಹೇಗಾದರೂ ಹೊಲಿದು ನಿಲ್ಲಿಸುವುದಲ್ಲ. ಇಬ್ಬರೂ ಸುಳ್ಳಿಲ್ಲದೆ ಮಾತನಾಡಿ, ಒಟ್ಟಿಗಿರಬೇಕೋ ಗೌರವದಿಂದ ಬೇರೆಯಾಗಬೇಕೋ ಎಂಬುದನ್ನು ತಾವೇ ನಿರ್ಧರಿಸುವಂತೆ ಮಾಡುವುದು. ಸಲಿಂಗ ಜೋಡಿಗಳಿಗೆ ಬೇಕಾಗುವ ಸಮಾಲೋಚನೆ ಬೇರೆ ಬಗೆಯದು. ಅವರ ಮದುವೆಗೆ ಕಾನೂನಿನ ಮಾನ್ಯತೆಯ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೩ರ ಅಕ್ಟೋಬರ್ ೧೭ರಂದು ತೀರ್ಪಿತ್ತಿದೆ. ಆದ್ದರಿಂದ ಅವರ ಜಗಳಗಳ ಒಳಗೆ ಬೇರೆ ಸಂಸಾರಗಳಲ್ಲಿಲ್ಲದ ಪ್ರಶ್ನೆಗಳು ಸೇರಿಕೊಳ್ಳುತ್ತವೆ: ಆಸ್ಪತ್ರೆಯಲ್ಲಿ ಸಹಿ ಯಾರದು, ಬಾಡಿಗೆ ಮನೆಯ ಮಾಲೀಕನಿಗೆ ಏನು ಹೇಳುವುದು, ಒಬ್ಬನ ಮನೆಯಲ್ಲಿ ಗೊತ್ತಿದ್ದು ಇನ್ನೊಬ್ಬನ ಮನೆಯಲ್ಲಿ ಗೊತ್ತಿಲ್ಲದಿದ್ದರೆ ಹಬ್ಬಕ್ಕೆ ಎಲ್ಲಿಗೆ ಹೋಗುವುದು. ಜಂಟಿ ಬ್ಯಾಂಕ್ ಖಾತೆ ತೆರೆಯಲೂ ಪರಸ್ಪರರನ್ನು ನಾಮನಿರ್ದೇಶನ ಮಾಡಲೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ ೨೦೨೪ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಇಷ್ಟೂ ತಿಳಿಯದ ಸಮಾಲೋಚಕರು ಜೋಡಿಯ ಭಯವನ್ನೆಲ್ಲ ಮನಸ್ಸಿನ ದೌರ್ಬಲ್ಯವೆಂದೇ ಬರೆದುಕೊಳ್ಳುತ್ತಾರೆ.

ಹಾಗಾದರೆ ಅರ್ಹರನ್ನು ಗುರುತಿಸುವುದು ಹೇಗೆ? ಪೇಟೆಯಲ್ಲಿ ಒಂದು ಚೀಲ ತೊಗರಿ ಕೊಳ್ಳುವವನು ಹಿಡಿ ಕಾಳು ಅಂಗೈಗೆ ತೆಗೆದು, ಉಜ್ಜಿ, ಹಲ್ಲಿಗೆ ಕಚ್ಚಿ ನೋಡುತ್ತಾನೆ. ಮಗಳ ಮನಸ್ಸನ್ನು ಒಪ್ಪಿಸುವಾಗ ಮಾತ್ರ ಬಾಗಿಲಿನ ಫಲಕ ನೋಡಿ ಒಳಗೆ ಹೋಗುತ್ತಾನೆ. ಮೊದಲು ತಿಳಿಯಬೇಕಾದದ್ದು ಯಾರು ಯಾರೆಂಬುದು. ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ. ೧೯೯೨ರ ಕಾಯಿದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರುತ್ತದೆ, ಆ ಸಂಖ್ಯೆಯನ್ನು ಕೇಳಿ ಪಡೆಯಬಹುದು. ಆಪ್ತಸಮಾಲೋಚಕರೆಂಬ ಹೆಸರಿನಡಿ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಯೋಗ್ಯರೂ ಇದ್ದಾರೆ, ವಾರಾಂತ್ಯದ ಶಿಬಿರವೊಂದರ ಪ್ರಮಾಣಪತ್ರ ತೂಗುಹಾಕಿದವರೂ ಇದ್ದಾರೆ.

ಪದವಿ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ದೊಡ್ಡ ಪದವಿಯವರಲ್ಲಿಯೂ ಹಳೆಯ ಪುಸ್ತಕದ ಪೂರ್ವಗ್ರಹ ಉಳಿದಿರಬಹುದು. ಮೊದಲ ಭೇಟಿಗೆ ಮುಂಚೆ ದೂರವಾಣಿಯಲ್ಲಿಯೇ ನೇರವಾಗಿ ಕೇಳಬೇಕು: ಸಲಿಂಗ ಒಲವಿನವರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಹಿಂದೆ ಸಮಾಲೋಚನೆ ಮಾಡಿದ್ದೀರಾ? ಈ ವಿಷಯದಲ್ಲಿ ತರಬೇತಿ ಎಲ್ಲಿ ಪಡೆದಿರಿ? ಒಲವನ್ನು ಬದಲಿಸಬಹುದೆಂದು ನಿಮ್ಮ ಅಭಿಪ್ರಾಯವೇ? ಈ ಕೊನೆಯ ಪ್ರಶ್ನೆ ಒರೆಗಲ್ಲು. ‘ಪ್ರಯತ್ನಿಸಿ ನೋಡೋಣ’ ಎಂಬ ಉತ್ತರ ಬಂದರೆ ಅಲ್ಲಿಗೇ ನಮಸ್ಕಾರ ಹೇಳಬೇಕು. ‘ನನಗೆ ಎಲ್ಲರೂ ಒಂದೇ, ನಾನು ಭೇದ ಮಾಡುವುದಿಲ್ಲ’ ಎಂಬ ಉತ್ತರ ಕೇಳಲು ಹಿತವಾಗಿದ್ದರೂ ಸಾಲದು. ಭೇದ ಮಾಡದಿರುವುದು ಬೇರೆ. ಮನೆ, ಕಾಲೇಜು, ಕಚೇರಿಗಳಲ್ಲಿ ಈ ಮಕ್ಕಳು ಏನನ್ನು ಅನುಭವಿಸುತ್ತಾರೆಂದು ತಿಳಿದು, ಅವರ ಒಲವನ್ನು ಸಹಜವೆಂದು ಒಪ್ಪಿ, ಅಲ್ಲಿಂದ ಮುಂದಿನ ಮಾತು ಆರಂಭಿಸುವುದು ಬೇರೆ. ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. ಉದ್ಯಮಿ ಹರ್ಷ ಮಾರಿವಾಲಾ ಅವರ ದಾನದಿಂದ ನಡೆಯುವ ಮುಂಬಯಿಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಸಮಾಲೋಚಕರಿಗೆ ಇದರಲ್ಲಿ ತರಬೇತಿ ಕೊಡುತ್ತ ಬಂದಿದೆ. ಬೆಂಗಳೂರಿನಲ್ಲಿ ೧೯೯೯ರಲ್ಲಿ ಸ್ವಭಾವ ಎಂಬ ಟ್ರಸ್ಟ್ ಲೈಂಗಿಕ ಅಲ್ಪಸಂಖ್ಯಾತರಿಗೆ ನೆರವಾಗಲೆಂದೇ ಹುಟ್ಟಿಕೊಂಡಿತು. (ಆ ಹೆಸರಿಗೆ ಸ್ವಾಧ್ಯಾಯದ ಗೋಷ್ಠಿಯಲ್ಲಿ ತಕರಾರು ಬರಬಹುದು, ಏಕೆಂದರೆ ಕಾಮಭಾವ ಆತ್ಮನ ಸ್ವಭಾವವಲ್ಲ, ವಿಭಾವ. ಗಂಡುಹೆಣ್ಣಿನ ಒಲವೂ ಹಾಗೆಯೇ ಎಂಬುದನ್ನು ಅದೇ ಗೋಷ್ಠಿಯಲ್ಲಿ ಹೇಳಬೇಕಾಗುತ್ತದೆ.)

ಗುಟ್ಟಿನ ವಿಷಯ ಬಹಳ ಸೂಕ್ಷ್ಮ. ಚಿಕ್ಕ ಊರುಗಳಲ್ಲಿ ಇರುವ ಒಬ್ಬಿಬ್ಬರು ವೈದ್ಯರೂ ತಂದೆಯ ಪರಿಚಯಸ್ಥರು. ಮಗ ಹೇಳಿದ್ದು ಸಂಜೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಚರ್ಚೆಗೆ ಬರುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಇದಕ್ಕೂ ಹೆಸರುಗಳಿವೆ. ಏಕಾಂತದ ವಿಷಯವನ್ನು ಹೊರಗೆ ಹಾಕುವುದು ರಹೋಭ್ಯಾಖ್ಯಾನ. ಮುಖಭಾವದಿಂದ ಗುಟ್ಟನ್ನು ಊಹಿಸಿ ಸಾರುವುದು ಸಾಕಾರಮಂತ್ರಭೇದ. ನಂಬಿ ಇಟ್ಟದ್ದನ್ನು ಹಿಂದಿರುಗಿಸದಿರುವುದು ನ್ಯಾಸಾಪಹಾರ. ಗುಟ್ಟೂ ಒಂದು ಅಡವೇ. 2017ರ ಕಾಯಿದೆಯೂ ಚಿಕಿತ್ಸೆ ಪಡೆಯುವವನ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಹದಿನೆಂಟು ತುಂಬಿದ ಮಗ ಸಮಾಲೋಚಕರಲ್ಲಿ ಏನು ಹೇಳಿದನೆಂದು ‘ಫೀಸು ಕೊಡುವವನು ನಾನು’ ಎಂಬ ಬಲದಿಂದ ಕೇಳುವ ತಂದೆಗೆ ಉತ್ತರ ಕೊಡದ ಸಮಾಲೋಚಕರೇ ಸರಿಯಾದವರು. ಊರಿನಲ್ಲಿ ಅಂಥವರಿಲ್ಲದಿದ್ದರೆ ದೂರದ ಊರಿನವರೊಡನೆ ದೂರವಾಣಿಯಲ್ಲೋ ವಿಡಿಯೋ ಮೂಲಕವೋ ಮಾತನಾಡುವ ಅನುಕೂಲ ಈಗ ಇದೆ. ಆದರೆ ಮಾತನಾಡುವ ಕೋಣೆಯ ಬಾಗಿಲನ್ನು ಹೊರಗಿನಿಂದ ಯಾರೂ ತಟ್ಟದಿರುವ ಅನುಕೂಲವನ್ನು ಮನೆಯವರೇ ಮಾಡಿಕೊಡಬೇಕು.

ಇನ್ನೊಂದು ಬಗೆಯ ಅನರ್ಹರನ್ನೂ ಹೆಸರಿಸದಿದ್ದರೆ ಅನ್ಯಾಯವಾಗುತ್ತದೆ. ‘ಈ ಧರ್ಮ, ಈ ಉಪವಾಸ, ಈ ಬಸದಿ ಎಲ್ಲ ಬಿಟ್ಟು ಬಾ, ಆಗ ನೆಮ್ಮದಿ’ ಎಂದು ಉಪದೇಶಿಸುವ ಸಮಾಲೋಚಕರೂ ನಗರಗಳಲ್ಲಿ ಇದ್ದಾರೆ. ಅವರು ಮಗುವಿನ ಒಂದು ಕೈಯನ್ನು ಹಿಡಿದು ಇನ್ನೊಂದನ್ನು ಕತ್ತರಿಸಲು ಹೊರಟವರು. ದಶಲಕ್ಷಣ ಪರ್ವದಲ್ಲಿ ಏಕಭುಕ್ತ ಮಾಡುವ ಹುಡುಗಿಗೆ ಇನ್ನೊಬ್ಬ ಹುಡುಗಿಯ ಮೇಲೆ ಒಲವಿರಬಹುದು. ಅವಳಿಗೆ ಎರಡೂ ಬೇಕು, ಎರಡೂ ಅವಳದೇ. ಧರ್ಮವನ್ನು ಬಿಡಿಸುವುದು ಸಮಾಲೋಚಕರ ಕೆಲಸವಲ್ಲ. ಅವಳನ್ನು ಬಸದಿಯಿಂದ ದೂಡುವ ಕೆಲಸವನ್ನಂತೂ ಬಸದಿಯವರೇ ಚೆನ್ನಾಗಿ ಮಾಡುತ್ತಿದ್ದಾರೆ.

ಟ್ರಸ್ಟುಗಳ ವಿಷಯಕ್ಕೆ ಬಂದರೆ, ‘ಇದು ಆಯಾ ಮನೆಯ ಖಾಸಗಿ ವಿಷಯ, ಟ್ರಸ್ಟಿಗೆ ಸಂಬಂಧವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು. ಕಣ್ಣಿನ ಶಿಬಿರಕ್ಕೆ, ಔಷಧಾಲಯಕ್ಕೆ, ಡಯಾಲಿಸಿಸ್ ಯಂತ್ರಕ್ಕೆ ಹಣ ಕೊಡುವ ಜೈನ ದಾನಿಗಳ ಕೊರತೆಯಿಲ್ಲ. ಮೂತ್ರಪಿಂಡ ಸಮಾಜದ ವಿಷಯ, ಮನಸ್ಸು ಮನೆಯ ವಿಷಯ ಎಂಬ ಗಡಿಯನ್ನು ಎಳೆದವರು ಯಾರು? ಸಮಾಲೋಚನೆ ಒಂದೆರಡು ಭೇಟಿಗಳಲ್ಲಿ ಮುಗಿಯುವುದಿಲ್ಲ. ಸಾಮಾನ್ಯವಾಗಿ ವಾರಕ್ಕೊಂದು ಗಂಟೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಮನೆಯಿಂದ ಹೊರಬಿದ್ದ ವಿದ್ಯಾರ್ಥಿಗೆ ಆ ಖರ್ಚು ಎಟುಕದು. ಇಲ್ಲಿ ಕೊಡುವ ಹಣ ಔಷಧದಾನವೂ ಹೌದು, ಅಭಯದಾನವೂ ಹೌದು.

‘ಲೆಕ್ಕದಲ್ಲಿ ಏನೆಂದು ತೋರಿಸುವುದು, ಹೆಸರು ಬರೆದರೆ ಗುಟ್ಟು ಹೊರಬೀಳುವುದಿಲ್ಲವೇ’ ಎಂಬ ತೊಡಕು ನಿಜವಾದದ್ದೇ, ಆದರೆ ಪರಿಹಾರವಿಲ್ಲದ್ದಲ್ಲ. ವೈದ್ಯಕೀಯ ನೆರವು ಆದಾಯ ತೆರಿಗೆ ಕಾನೂನಿನಲ್ಲಿ ಧರ್ಮಾರ್ಥ ಉದ್ದೇಶವೇ ಆಗಿದೆ. ಟ್ರಸ್ಟ್ ಡೀಡಿನಲ್ಲಿ ಆ ಉದ್ದೇಶ ಇದ್ದರೆ ಬೇರೆ ತಲೆಬರಹ ಬೇಕಿಲ್ಲ. ಮೊದಲೇ ಪರೀಕ್ಷಿಸಿ ಆರಿಸಿದ ಇಬ್ಬರು ಮೂವರು ಸಮಾಲೋಚಕರೊಡನೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡು, ಅವರು ತಿಂಗಳ ಕೊನೆಗೆ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ, ಭೇಟಿಗಳ ಎಣಿಕೆಯನ್ನು ಮಾತ್ರ ಬರೆದು ಬಿಲ್ಲು ಕಳುಹಿಸಬೇಕು. ಹಣ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗಬೇಕು. ಖಜಾಂಚಿಗೆ ಬೇಕಾದದ್ದು ವೋಚರು, ರಸೀದಿ, ಒಪ್ಪಂದದ ಪ್ರತಿ. ಹುಡುಗ ಯಾರ ಮಗನೆಂಬುದು ಅವನ ಲೆಕ್ಕಕ್ಕೆ ಬೇಕಾದ ವಿವರವಲ್ಲ. ಈ ವ್ಯವಸ್ಥೆಯನ್ನು ಆಡಿಟರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆದಿಟ್ಟುಕೊಂಡರೆ ವರ್ಷಾಂತ್ಯದಲ್ಲಿ ಗೊಂದಲವಿರುವುದಿಲ್ಲ. ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯಿಂದ ಉಪಗೂಹನವನ್ನು ಕಲಿತ ವರ್ತಕ ಸಮಾಜಕ್ಕೆ ಗುಟ್ಟು ಕಾಯುವ ಲೆಕ್ಕ ಬರೆಯಲು ಬಾರದೆಂದರೆ ನಂಬುವವರಾರು?

ಹಣಕ್ಕಿಂತ ಮೊದಲು ಬೇಕಾದದ್ದು ಪಾಲಕರಿಗೆ ಸಮಾಲೋಚನೆ. ಜುಗುಪ್ಸೆ, ಭಯಗಳ ಉದಯ ಅವರಲ್ಲಿದೆಯೆಂದು ಮೇಲೆ ಹೇಳಲಾಯಿತು. ಮಗನೊಬ್ಬನನ್ನೇ ಕಳುಹಿಸಿ ತಾವು ಹೊರಗಿನ ಬೆಂಚಿನ ಮೇಲೆ ಕುಳಿತರೆ ಅರ್ಧ ಕೆಲಸವೂ ಆಗದು. ಮಹಿಳಾ ಸಮಾಜಗಳು ವರ್ಷದಲ್ಲೊಂದು ದಿನ ಅರ್ಹ ಮನಶ್ಶಾಸ್ತ್ರಜ್ಞರನ್ನು ಕರೆಸಿ ತಾಯಂದಿರ ಪ್ರಶ್ನೆಗಳಿಗೆ ಉತ್ತರ ಕೊಡಿಸಬಹುದು. ತಾಯಂದಿರಿಗೆ ಇದು ಬಹುಪಾಲು ಮೊದಲೇ ತಿಳಿದಿರುತ್ತದೆ. ಕೇಳಲು ಸ್ಥಳವಿರುವುದಿಲ್ಲ, ಅಷ್ಟೆ.

ಇಷ್ಟು ದೊಡ್ಡ ವ್ಯವಸ್ಥೆಗೆ ಸಮಯ ಹಿಡಿಯುತ್ತದೆಂದು ಆಡಳಿತ ಮಂಡಳಿಗಳು ಹೇಳಬಹುದು. ಅಲ್ಲಿಯವರೆಗೆ ಜೈನ ವಿದ್ಯಾರ್ಥಿನಿಲಯಗಳಲ್ಲಿ ಮಾಡಬಹುದಾದದ್ದೊಂದಿದೆ. ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ ೧೪೪೧೬. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಕನ್ನಡದಲ್ಲಿಯೂ ಮಾತನಾಡಬಹುದು, ಹಗಲುರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ. ಇದು ದೀರ್ಘಕಾಲದ ಸಮಾಲೋಚನೆಗೆ ಬದಲಿಯಲ್ಲ. ನಡುರಾತ್ರಿ ಒಬ್ಬಂಟಿಯಾದವನಿಗೆ ಮೊದಲ ಆಸರೆ. ವಿದ್ಯಾರ್ಥಿನಿಲಯದ ಊಟದ ಮನೆಯ ಗೋಡೆಯ ಮೇಲೆ, ಕಂದಮೂಲ ನಿಷೇಧದ ಸೂಚನೆಯ ಪಕ್ಕದಲ್ಲಿ, ಆ ಐದು ಅಂಕಿಗಳ ಹಾಳೆಯೊಂದನ್ನು ಅಂಟಿಸಲು ವಾರ್ಡನ್ ಮಹಾಸಭೆಯ ಠರಾವಿಗೆ ಕಾಯಬೇಕಾಗಿಲ್ಲ.